ಅಪ್ಪನ ಯುದ್ಧ, ಮಕ್ಕಳ ಉತ್ತರ: ಅಮೆರಿಕದ ದೇಶಪ್ರೇಮದ ಕಾದಂಬರಿಗಳಲ್ಲಿ ಯಾವುದನ್ನು ಓದಬೇಕು?

ಅಮೆರಿಕದ ಯುದ್ಧಗಳನ್ನು ಒಂದು ಮನೆತನದ ಕಥೆಯಾಗಿ ಹೇಳುವ ಕಾದಂಬರಿಗಳು ಬೇಕಾದಷ್ಟಿವೆ. ಅಜ್ಜನಿಗೆ ಒಂದು ಯುದ್ಧ, ಅಪ್ಪನಿಗೆ ಒಂದು, ಮಗನಿಗೆ ಮತ್ತೊಂದು. ಹೆಚ್ಚಿನವು ದಪ್ಪ ಪುಸ್ತಕಗಳು. ಕೆಲಸ, ಮನೆ, ಮಕ್ಕಳ ನಡುವೆ ಸಾವಿರ ಪುಟ ಓದಿ ಮುಗಿಸಲು ತಿಂಗಳುಗಳೇ ಬೇಕು. ಹಾಗಾಗಿ ಕೈಗೆತ್ತಿಕೊಳ್ಳುವ ಮೊದಲೇ ಯಾವುದು ನಮಗೆ ಹಿಡಿಸುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು, ಅಲ್ವಾ?

ಇಂಥ ಪುಸ್ತಕ ಆರಿಸುವಾಗ ಪ್ರಶಸ್ತಿ ಬಂದಿದೆಯಾ, ಟಿವಿ ಧಾರಾವಾಹಿ ಆಗಿದೆಯಾ ಅನ್ನುವುದನ್ನು ನಾನು ಆಮೇಲೆ ನೋಡುತ್ತೇನೆ. ಮೊದಲು ನೋಡುವುದು ಒಂದೇ. ಅಪ್ಪ ಅಮ್ಮ ದೇಶದ ಬಗ್ಗೆ ಏನನ್ನು ನಂಬಿದ್ದಾರೋ, ಅದಕ್ಕೆ ಮಕ್ಕಳು ಏನು ಉತ್ತರ ಕೊಡುತ್ತಾರೆ? ಉತ್ತರ ಕೊಡಲು ಕಾದಂಬರಿ ಅವರಿಗೆ ಜಾಗ ಬಿಟ್ಟಿದೆಯಾ? ಕೆಲವು ಕಾದಂಬರಿಗಳಲ್ಲಿ ಮಗ ಯುದ್ಧಕ್ಕೆ ಹೋಗುವುದು ಅಪ್ಪನನ್ನು ದೊಡ್ಡವನನ್ನಾಗಿ ತೋರಿಸುವುದಕ್ಕೆ ಮಾತ್ರ. ಇನ್ನು ಕೆಲವದರಲ್ಲಿ ಮಗ ಎದುರು ನಿಂತು ಮಾತಾಡುತ್ತಾನೆ. ಎರಡನ್ನೂ ಓದಬಹುದು. ಆದರೆ ಎರಡನೆಯ ತರಹದ್ದು ಬಹಳ ಕಾಲ ಮನಸ್ಸಿನಲ್ಲಿ ಉಳಿಯುತ್ತದೆ ಅನ್ನುವುದು ನನ್ನ ಅನುಭವ.

ಮೊದಲು ಸೈನಿಕರ ಪುಸ್ತಕ. ಆ್ಯಂಟನ್ ಮೈರರ್ ಬರೆದ 'ವನ್ಸ್ ಆ್ಯನ್ ಈಗಲ್' ಬಂದಿದ್ದು 1968ರಲ್ಲಿ, ವಿಯೆಟ್ನಾಂ ಯುದ್ಧ ಜೋರಾಗಿದ್ದಾಗ. ಮೈರರ್ ಹಾರ್ವರ್ಡ್‌ನ ಓದನ್ನು ಅರ್ಧಕ್ಕೆ ಬಿಟ್ಟು ಮರೀನ್ ಪಡೆ ಸೇರಿ ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್‌ನಲ್ಲಿ ಹೋರಾಡಿದವರು. ಕಥಾನಾಯಕ ಸ್ಯಾಮ್ ಡೇಮನ್ ನೆಬ್ರಾಸ್ಕಾದ ಸಣ್ಣ ಊರಿನ ಹುಡುಗ. ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರುತ್ತಾನೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನ ರಣರಂಗದಲ್ಲೇ ಅಧಿಕಾರಿಯಾಗುತ್ತಾನೆ. ಅವನ ಎದುರಾಳಿ ಕರ್ಟ್ನಿ ಮ್ಯಾಸೆಂಗೇಲ್. ಸೇನಾಧಿಕಾರಿಗಳನ್ನು ತಯಾರು ಮಾಡುವ ವೆಸ್ಟ್ ಪಾಯಿಂಟ್ ಅಕಾಡೆಮಿಯಲ್ಲಿ ಓದಿದವನು, ಮಾತುಗಾರ, ದೊಡ್ಡವರ ಸಹವಾಸ ಇರುವವನು. ಒಬ್ಬನಿಗೆ ತನ್ನ ಜವಾನರು ಮುಖ್ಯ, ಇನ್ನೊಬ್ಬನಿಗೆ ತನ್ನ ಬಡ್ತಿ. ಅಮೆರಿಕದ ಸೇನೆಯಲ್ಲಿ ಈ ಎರಡು ಹೆಸರುಗಳು ಇಂದಿಗೂ ಮಾತಿನಲ್ಲಿ ಬರುತ್ತವೆ. ಅಧಿಕಾರಿಗಳಿಗೆ ಶಿಫಾರಸು ಮಾಡುವ ಓದಿನ ಪಟ್ಟಿಗಳಲ್ಲೂ ಈ ಕಾದಂಬರಿ ವರ್ಷಗಟ್ಟಲೆ ಇದೆ.

ಯುದ್ಧದ ದೃಶ್ಯಗಳು ಚೆನ್ನಾಗಿವೆ. ಆದರೆ ಈ ಪುಸ್ತಕದ ನಿಜವಾದ ಜೀವ ಇರುವುದು ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ. ಯುದ್ಧ ಮುಗಿದ ಮೇಲೆ ಸೇನೆ ಸಣ್ಣದಾಗುತ್ತದೆ, ರಣರಂಗದಲ್ಲಿ ಸಿಕ್ಕ ಹುದ್ದೆಗಳು ಕೆಳಗಿಳಿಯುತ್ತವೆ. ಧೂಳು ತುಂಬಿದ ಯಾವುದೋ ಠಾಣೆ, ಸೋರುವ ಕ್ವಾರ್ಟರ್ಸ್, ಕಡಿಮೆ ಸಂಬಳ, ವರ್ಷಾನುಗಟ್ಟಲೆ ಬಾರದ ಬಡ್ತಿ. ಸ್ಯಾಮ್‌ನ ಹೆಂಡತಿ ಟಾಮಿ ಕೂಡ ಸೇನಾಧಿಕಾರಿಯ ಮಗಳೇ. ಇದನ್ನೆಲ್ಲ ಚಿಕ್ಕಂದಿನಿಂದ ನೋಡಿ ಬೇಸತ್ತವಳು. ಅವಳ ಸಿಟ್ಟು ಈ ಪುಸ್ತಕದ ಅತ್ಯಂತ ಪ್ರಾಮಾಣಿಕ ದನಿ. ಸೇನೆಯಲ್ಲಿರುವವರ ಮನೆಯಲ್ಲಿ ಬೆಳೆದವರಿಗೆ, ಕೊಡಗಿನಲ್ಲಂತೂ ಅಂಥ ಮನೆಗಳು ಎಷ್ಟಿಲ್ಲ, ಈ ಭಾಗ ತಮ್ಮದೇ ಅನ್ನಿಸುತ್ತದೆ.

ಕೊರತೆಯೂ ಇದೆ. ಸ್ಯಾಮ್ ತೀರಾ ಒಳ್ಳೆಯವನು, ಮ್ಯಾಸೆಂಗೇಲ್ ತೀರಾ ಕೆಟ್ಟವನು. ಸ್ಯಾಮ್‌ನ ಮಗ ಡಾನಿಯೂ ಎರಡನೇ ಮಹಾಯುದ್ಧಕ್ಕೆ ಹೋಗುತ್ತಾನೆ, ಆದರೆ ಅವನಿಗೆ ತನ್ನದೇ ಅನ್ನುವ ಮಾತು ಕಡಿಮೆ. ತಲೆಮಾರುಗಳ ಕಾದಂಬರಿ ಅಂತ ನೋಡಿದರೆ ಇದು ಮುಖ್ಯವಾಗಿ ಅಪ್ಪನ ಪುಸ್ತಕ. ಕೊನೆಯ ಭಾಗ ನಡೆಯುವುದು ಆಗ್ನೇಯ ಏಷ್ಯಾದ ಒಂದು ಕಲ್ಪಿತ ದೇಶದಲ್ಲಿ. ಅಲ್ಲಿ ವಯಸ್ಸಾದ ಸ್ಯಾಮ್ ಹೊಸ ಯುದ್ಧ ಬೇಡ ಅನ್ನುತ್ತಾನೆ. ಜೀವನವಿಡೀ ಸೇನೆಯಲ್ಲಿ ದುಡಿದವನ ಬಾಯಲ್ಲಿ ಆ ಮಾತು ಬರುವುದು ಈ ಪುಸ್ತಕದ ದೊಡ್ಡತನ. ಆ ಭಾಗಕ್ಕಾಗಿಯಾದರೂ ಕೊನೆಯವರೆಗೆ ಓದಿ.

ಹರ್ಮನ್ ವೋಕ್ ಅವರದು ಬೇರೆಯದೇ ದಾರಿ. 'ದ ವಿಂಡ್ಸ್ ಆಫ್ ವಾರ್' (1971) ಮತ್ತು 'ವಾರ್ ಆ್ಯಂಡ್ ರಿಮೆಂಬರೆನ್ಸ್' (1978) ಎರಡು ಪುಸ್ತಕ, ಆದರೆ ಒಂದೇ ಕಥೆ. ಸೇರಿಸಿದರೆ ಸುಮಾರು ಎರಡು ಸಾವಿರ ಪುಟ. ನೌಕಾಪಡೆಯ ಅಧಿಕಾರಿ ವಿಕ್ಟರ್ ಹೆನ್ರಿಗೆ ಯುದ್ಧನೌಕೆಯ ಮೇಲೆ ನಿಲ್ಲುವ ಆಸೆ. 1939ರಲ್ಲಿ ಸಿಕ್ಕಿದ್ದು ಬರ್ಲಿನ್ ರಾಯಭಾರ ಕಚೇರಿಯ ಕೆಲಸ. ಹಿರಿಯ ಮಗ ವಾರನ್ ಯುದ್ಧವಿಮಾನದ ಪೈಲಟ್. ಕಿರಿಯ ಮಗ ಬೈರನ್ ಅಪ್ಪನ ಶಿಸ್ತಿಗೆ ಬಗ್ಗದವನು. ಇಟಲಿಗೆ ಹೋಗಿ ಒಬ್ಬ ಯಹೂದಿ ವಿದ್ವಾಂಸರ ಹತ್ತಿರ ಕೆಲಸಕ್ಕೆ ಸೇರುತ್ತಾನೆ, ಅವರ ಸೋದರನ ಮಗಳು ನಟಾಲಿಯನ್ನು ಪ್ರೀತಿಸುತ್ತಾನೆ. ಮಗಳು ಮ್ಯಾಡಲಿನ್ ಕಾಲೇಜು ಬಿಟ್ಟು ರೇಡಿಯೋ ಕೆಲಸ ಹಿಡಿಯುತ್ತಾಳೆ. ಮೊದಲ ಪುಸ್ತಕ 1941ರ ಡಿಸೆಂಬರ್‌ನಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ಮಾಡಿದ ದಾಳಿಯ ಹೊತ್ತಿಗೆ ಮುಗಿಯುತ್ತದೆ. ಎರಡನೆಯದು 1945ರವರೆಗೆ ಹೋಗುತ್ತದೆ.

ರೂಸ್‌ವೆಲ್ಟ್, ಚರ್ಚಿಲ್, ಹಿಟ್ಲರ್, ಸ್ಟಾಲಿನ್ ಎಲ್ಲರನ್ನೂ ಒಬ್ಬನೇ ಮನುಷ್ಯ ಭೇಟಿಯಾಗುವುದು ಸ್ವಲ್ಪ ಅತಿ ಅನ್ನಿಸಬಹುದು. ಆದರೆ ನಟಾಲಿಯ ಕಥೆ ಶುರುವಾದ ಮೇಲೆ ಆ ದೂರು ಮರೆತುಹೋಗುತ್ತದೆ. ಅವಳ ಹತ್ತಿರ ಅಮೆರಿಕದ ಪಾಸ್‌ಪೋರ್ಟ್ ಇದೆ. ಯುರೋಪಿನಿಂದ ಹೊರಡಲು ಅದು ಸಾಕು ಅಂತ ಅವಳೂ ಅಂದುಕೊಳ್ಳುತ್ತಾಳೆ, ಓದುವ ನಾವೂ ಅಂದುಕೊಳ್ಳುತ್ತೇವೆ. ಒಂದು ಕಾಗದ ಇನ್ನೂ ಬಂದಿಲ್ಲ, ಒಂದು ಸಹಿ ಬಾಕಿ, ನಾಳೆ ಬನ್ನಿ. ಹೀಗೆ ದಿನಗಳು ಜಾರುತ್ತಾ ಹೋದ ಹಾಗೆ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ವೀಸಾ ಕಚೇರಿಯ ಸಾಲಿನಲ್ಲಿ ನಿಂತವರಿಗೆಲ್ಲ ಈ ಅಧ್ಯಾಯಗಳು ಎದೆಗೆ ನಾಟುತ್ತವೆ. ದೇಶ ನಮ್ಮನ್ನು ಕಾಪಾಡುತ್ತದೆ ಅನ್ನುವ ನಂಬಿಕೆಗೂ ಒಬ್ಬ ಗುಮಾಸ್ತನ ಮೇಜಿಗೂ ನಡುವೆ ಎಷ್ಟು ದೂರ ಇದೆ ಅಂತ ವೋಕ್ ಅಳೆದು ತೋರಿಸುತ್ತಾರೆ.

ಎರಡನೇ ಪುಸ್ತಕದಲ್ಲಿ ಅಮೆರಿಕ ಮತ್ತು ಜಪಾನ್ ನೌಕಾಪಡೆಗಳ ನಡುವಿನ ಮಿಡ್‌ವೇ ಕದನದ ಭಾಗವನ್ನು ಹತ್ತಿರದಿಂದ ನೋಡಬೇಕು. 1942ರ ಜೂನ್ 4. ಅಮೆರಿಕದ ಮೂರು ವಿಮಾನವಾಹಕ ನೌಕೆಗಳಿಂದ ಹೊರಟ 41 ಟಾರ್ಪಿಡೊ ವಿಮಾನಗಳಲ್ಲಿ 35 ವಾಪಸ್ ಬರಲಿಲ್ಲ. ಹಾರ್ನೆಟ್ ನೌಕೆಯ ತಂಡದ 15 ವಿಮಾನಗಳೂ ಬಿದ್ದವು. ಅವುಗಳಲ್ಲಿದ್ದ 30 ಜನರಲ್ಲಿ ಬದುಕಿ ಉಳಿದವನು ಒಬ್ಬನೇ. ಇದನ್ನು ಹೇಳುವಾಗ ವೋಕ್ ಕಥೆಯನ್ನೇ ನಿಲ್ಲಿಸುತ್ತಾರೆ. ಸತ್ತವರ ನಿಜವಾದ ಹೆಸರುಗಳನ್ನು ಒಂದರ ಕೆಳಗೆ ಒಂದು, ಹುಟ್ಟಿದ ಊರುಗಳ ಸಮೇತ ಬರೆಯುತ್ತಾರೆ. ಅಷ್ಟು ಹೊತ್ತು ಹೆನ್ರಿ ಮನೆಯ ಕಥೆ ಓದುತ್ತಿದ್ದವರಿಗೆ, ಈ ಒಂದೊಂದು ಹೆಸರಿನ ಹಿಂದೆಯೂ ಒಂದು ಮನೆ ಇತ್ತು ಅಂತ ತಟ್ಟನೆ ಹೊಳೆಯುತ್ತದೆ. ಯುದ್ಧದ ಕಾದಂಬರಿಯೊಂದು ಸತ್ತವರಿಗೆ ಸಲ್ಲಿಸಿದ ಇಷ್ಟು ನೇರವಾದ ಗೌರವವನ್ನು ನಾನು ಬೇರೆಲ್ಲೂ ಓದಿಲ್ಲ. ಆ ಪುಟಗಳನ್ನು ದಯವಿಟ್ಟು ಹಾರಿಸಬೇಡಿ.

ನಡುನಡುವೆ ಒಬ್ಬ ಕಲ್ಪಿತ ಜರ್ಮನ್ ಜನರಲ್ ಬರೆದ ಯುದ್ಧ ಚರಿತ್ರೆಯ ಅಧ್ಯಾಯಗಳು ಬರುತ್ತವೆ. ಹಲವರಿಗೆ ಅವು ಬೋರ್ ಅನ್ನಿಸುತ್ತವೆ. ಮೊದಲ ಎರಡನ್ನು ಓದಿ ನೋಡಿ. ಆ ಜನರಲ್‌ನ ಬರಹವನ್ನು ಅನುವಾದಿಸುವವನು ವಿಕ್ಟರ್ ಹೆನ್ರಿಯೇ. ಅಲ್ಲಲ್ಲಿ ಟಿಪ್ಪಣಿ ಹಾಕಿ ವಾದಿಸುತ್ತಾನೆ. ಸೋತವನ ದೇಶಪ್ರೇಮ, ಗೆದ್ದವನ ದೇಶಪ್ರೇಮ ಎರಡೂ ಒಂದೇ ಪುಟದಲ್ಲಿ ಎದುರುಬದುರಾಗುತ್ತವೆ.

1861ರಿಂದ 1865ರವರೆಗಿನ ಅಂತರ್ಯುದ್ಧದ ಬಗ್ಗೆ ಓದುವ ಆಸೆ ಇದ್ದರೆ ಜಾನ್ ಜೇಕ್ಸ್ ಅವರ ಮೂರು ಪುಸ್ತಕಗಳ ಸರಣಿ ಇದೆ. ಮೊದಲನೆಯದು 'ನಾರ್ತ್ ಆ್ಯಂಡ್ ಸೌತ್' (1982). ಪೆನ್ಸಿಲ್ವೇನಿಯಾದಲ್ಲಿ ಕಬ್ಬಿಣದ ಕಾರ್ಖಾನೆ ಇರುವ ಹ್ಯಾಜರ್ಡ್ ಮನೆತನ, ದಕ್ಷಿಣ ಕೆರೊಲಿನಾದಲ್ಲಿ ಗುಲಾಮರನ್ನು ಇಟ್ಟುಕೊಂಡು ಭತ್ತ ಬೆಳೆಸುವ ಮೇನ್ ಮನೆತನ. ಎರಡು ಮನೆಯ ಹುಡುಗರು 1842ರಲ್ಲಿ ವೆಸ್ಟ್ ಪಾಯಿಂಟ್‌ನಲ್ಲಿ ಗೆಳೆಯರಾಗುತ್ತಾರೆ. ಮೆಕ್ಸಿಕೊ ಯುದ್ಧದಲ್ಲಿ ಜೊತೆಗೆ ಹೋರಾಡಿದವರು ಮುಂದೆ ಎದುರುಬದುರು ನಿಲ್ಲಬೇಕಾಗುತ್ತದೆ. ಓದಿಸಿಕೊಂಡು ಹೋಗುವ ಪುಸ್ತಕ. ರೈಲು ಪ್ರಯಾಣಕ್ಕೆ ಸರಿಯಾದದ್ದು. ಖಳನಾಯಕರು ಸಿನಿಮಾ ಖಳರಂತೆಯೇ ಇದ್ದಾರೆ. ಆದರೆ ಯಾರ ಸ್ವಾತಂತ್ರ್ಯಕ್ಕಾಗಿ ಆ ಯುದ್ಧ ನಡೆಯಿತೋ ಅವರ ಮನೆಯೊಳಗೆ ಕಥೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹಾಗಾಗಿ ಜೇಕ್ಸ್ ಓದುವವರು ಮಾರ್ಗರೆಟ್ ವಾಕರ್ ಅವರ 'ಜುಬಿಲಿ' (1966) ಕೂಡ ಓದಲೇಬೇಕು ಅಂತ ನನ್ನ ಹಟ. ವಾಕರ್ ತಮ್ಮ ಅಜ್ಜಿಯ ಬಾಯಿಂದ ಕೇಳಿದ ಮುತ್ತಜ್ಜಿಯ ಕಥೆಯನ್ನು ಸುಮಾರು 30 ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡು, ದಾಖಲೆ ಹುಡುಕಿ ಬರೆದದ್ದು ಇದು. ನಾಯಕಿ ವೈರಿ ಜಾರ್ಜಿಯಾದ ತೋಟದ ಮಾಲೀಕನಿಗೆ ಗುಲಾಮ ಹೆಂಗಸಿನಲ್ಲಿ ಹುಟ್ಟಿದ ಮಗಳು. ಅಪ್ಪನ ಮನೆಯಲ್ಲೇ ಅಡುಗೆ ಕೆಲಸದ ಆಳಾಗಿ ಬೆಳೆಯುತ್ತಾಳೆ. 1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಳ್ಳುತ್ತದೆ, ಆದರೆ ಅವಳ ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಬೆವರು ಸುರಿಸಿ ಕಟ್ಟಿಕೊಂಡ ಮನೆಯನ್ನು ಕರಿಯರನ್ನು ದ್ವೇಷಿಸುವ ಬಿಳಿಯರ ಗುಂಪಾದ ಕು ಕ್ಲಕ್ಸ್ ಕ್ಲ್ಯಾನ್‌ನವರು ಸುಟ್ಟುಹಾಕುತ್ತಾರೆ. ನನ್ನ ದೇಶ ಅಂತ ಹೇಳಿಕೊಳ್ಳುವ ಹಕ್ಕನ್ನೇ ಸಂಪಾದಿಸಬೇಕಾದವರ ಕಥೆ ಇದು. ಸಮಯ ಇರುವುದು ಒಂದೇ ಪುಸ್ತಕಕ್ಕೆ ಅಂದರೆ ಜೇಕ್ಸ್ ಬಿಟ್ಟು ಇದನ್ನೇ ತೆಗೆದುಕೊಳ್ಳಿ.

ವಿಯೆಟ್ನಾಂ ಬಗ್ಗೆ ಓದಬೇಕು, ಆದರೆ ಕಾಡು, ಬಾಂಬು, ಹೆಲಿಕಾಪ್ಟರ್ ಬೇಡ, ಮನೆಯೊಳಗಿನ ಕಥೆ ಬೇಕು ಅನ್ನುವವರಿಗೆ ಜೇನ್ ಆ್ಯನ್ ಫಿಲಿಪ್ಸ್ ಅವರ 'ಮಷೀನ್ ಡ್ರೀಮ್ಸ್' (1984). ವೆಸ್ಟ್ ವರ್ಜೀನಿಯಾದ ಹ್ಯಾಂಪ್ಸನ್ ಕುಟುಂಬ. ಅಪ್ಪ ಮಿಚ್ ಎರಡನೇ ಮಹಾಯುದ್ಧದಲ್ಲಿ ನ್ಯೂಗಿನಿಯಲ್ಲಿದ್ದವನು. ಅಮ್ಮ ಜೀನ್, ಮಗಳು ಡ್ಯಾನರ್, ಮಗ ಬಿಲ್ಲಿ. ನಾಲ್ಕು ಜನರ ದನಿಯಲ್ಲಿ ಕಥೆ ಸಾಗುತ್ತದೆ. ನಡುವೆ ಪತ್ರಗಳೂ ಇವೆ. ಅಪ್ಪ ತನ್ನ ಯುದ್ಧದ ಬಗ್ಗೆ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಆ ಮೌನದಲ್ಲೇ ಮಕ್ಕಳು ಬೆಳೆಯುತ್ತಾರೆ.

1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಸೇನೆಗೆ ಯಾರು ಮೊದಲು ಹೋಗಬೇಕು ಅಂತ ಲಾಟರಿ ಎತ್ತಿದರು. ವರ್ಷದ 366 ದಿನಾಂಕಗಳನ್ನು ನೀಲಿ ಕ್ಯಾಪ್ಸೂಲ್‌ಗಳಲ್ಲಿ ಹಾಕಿ, ಗಾಜಿನ ಪಾತ್ರೆಯಿಂದ ಒಂದೊಂದಾಗಿ ತೆಗೆದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಟಿವಿ, ರೇಡಿಯೋದಲ್ಲಿ ಅದು ನೇರ ಪ್ರಸಾರವಾಯಿತು. ಹುಟ್ಟುಹಬ್ಬದ ತಾರೀಖು ಹಣೆಬರಹವಾಗಿಬಿಟ್ಟ ರಾತ್ರಿ ಅದು. ಬಿಲ್ಲಿಯ ತಲೆಮಾರಿನ ಹುಡುಗರ ಬದುಕು ತಿರುಗಿದ್ದು ಅಲ್ಲಿಂದ. ಕೆನಡಾಕ್ಕೆ ಹೋಗಿಬಿಡು ಅಂತ ಅಕ್ಕ ಬೇಡಿಕೊಳ್ಳುತ್ತಾಳೆ. ಬಿಲ್ಲಿ ಹೋಗುವುದಿಲ್ಲ. ಅವನದು ದೇಶಪ್ರೇಮವೂ ಅಲ್ಲ, ವಿರೋಧವೂ ಅಲ್ಲ. ಬಂದದ್ದು ಬರಲಿ ಅನ್ನುವ ಸ್ವಭಾವ. ಇಂಥ ಹುಡುಗರೇ ಜಾಸ್ತಿ ಇದ್ದರು ಅನ್ನುವುದನ್ನು ದೊಡ್ಡ ದೊಡ್ಡ ಯುದ್ಧ ಕಾದಂಬರಿಗಳು ಹೇಳುವುದೇ ಇಲ್ಲ. ಕೊನೆಯಲ್ಲಿ ದೇಶದ ಮೇಲೆ ಸಿಟ್ಟಾಗುವವಳು ಡ್ಯಾನರ್. ಅಷ್ಟಾದರೂ ಆ ದೇಶ ಬಿಟ್ಟು ಹೋಗಲು ಅವಳಿಗೆ ಆಗುವುದಿಲ್ಲ. ಇದು ನಿಧಾನದ ಪುಸ್ತಕ. ಕಥೆ ಬೇಗ ಓಡಬೇಕು ಅನ್ನುವವರಿಗೆ ಹಿಡಿಸುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಹತ್ತಿರವಾದ ಪುಸ್ತಕ: ಜಾನ್ ಒಕಾಡ ಅವರ 'ನೋ-ನೋ ಬಾಯ್' (1957). ಇನ್ನೂರೈವತ್ತು ಪುಟದ ಆಸುಪಾಸು ಅಷ್ಟೇ. ಎರಡೇ ತಲೆಮಾರು, ಕೆಲವೇ ದಿನಗಳ ಕಥೆ. ಪಟ್ಟಿಯಲ್ಲಿ ಇದಕ್ಕೆ ಜಾಗ ಯಾಕೆ ಅಂತ ಯಾರಾದರೂ ಕೇಳಬಹುದು. ಯುದ್ಧ ಒಂದು ಮನೆಯೊಳಗೆ ಅಪ್ಪ ಅಮ್ಮನನ್ನೂ ಮಕ್ಕಳನ್ನೂ ಹೇಗೆ ಬೇರೆ ಮಾಡುತ್ತದೆ ಅನ್ನುವುದನ್ನು ಇದರಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳಿಲ್ಲ. ಅದಕ್ಕೇ.

ಹಿನ್ನೆಲೆ ಸ್ವಲ್ಪ ಗೊತ್ತಿರಬೇಕು. ಪರ್ಲ್ ಹಾರ್ಬರ್ ದಾಳಿಯ ನಂತರ, 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅದರ ಬಲದಿಂದ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಕಳಿಸಿದರು. ಅವರಲ್ಲಿ ಮೂರನೇ ಎರಡರಷ್ಟು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. 1943ರಲ್ಲಿ ಶಿಬಿರದಲ್ಲಿದ್ದವರಿಗೆ ಒಂದು ಪ್ರಶ್ನೆಪತ್ರಿಕೆ ಬಂತು. 27ನೇ ಪ್ರಶ್ನೆ: ಅಮೆರಿಕದ ಸೇನೆಯಲ್ಲಿ, ಎಲ್ಲಿಗೆ ಕಳಿಸಿದರೂ ಹೋಗಿ ಹೋರಾಡುತ್ತೀರಾ? 28ನೇ ಪ್ರಶ್ನೆ: ಅಮೆರಿಕಕ್ಕೆ ನಿಷ್ಠೆ ತೋರಿ, ಜಪಾನಿನ ಚಕ್ರವರ್ತಿಗೆ ಇರುವ ನಿಷ್ಠೆಯನ್ನು ಬಿಡುತ್ತೀರಾ? ಎರಡಕ್ಕೂ ಇಲ್ಲ ಅಂದವರಿಗೆ ಅಂಟಿದ ಹೆಸರೇ ಪುಸ್ತಕದ ಹೆಸರು. ವಯಸ್ಸಾದವರ ಪಾಡು ಇನ್ನೂ ಕಷ್ಟ. ಜಪಾನಿನಲ್ಲಿ ಹುಟ್ಟಿದವರಿಗೆ ಅಮೆರಿಕದ ಪೌರತ್ವ ಪಡೆಯಲು 1952ರವರೆಗೆ ಕಾನೂನಿನಲ್ಲೇ ಅವಕಾಶ ಇರಲಿಲ್ಲ. ಹೌದು ಅಂದರೆ ಯಾವ ದೇಶವೂ ಇಲ್ಲದವರಾಗುವ ಭಯ.

ಕಥಾನಾಯಕ ಇಚಿರೊ ಎರಡು ವರ್ಷ ಶಿಬಿರದಲ್ಲಿದ್ದು, ಸೇನೆಗೆ ಹೋಗಲು ಒಪ್ಪದೆ ಎರಡು ವರ್ಷ ಜೈಲು ಕಂಡು ಸಿಯಾಟಲ್‌ಗೆ ವಾಪಸ್ ಬರುತ್ತಾನೆ. ಬಸ್ ಇಳಿದು ಸ್ವಲ್ಪ ದೂರ ನಡೆಯುವಷ್ಟರಲ್ಲಿ ಪರಿಚಯದ ಹುಡುಗನೊಬ್ಬ ಸಿಗುತ್ತಾನೆ. ಅವನು ಸೇನೆಗೆ ಹೋಗಿ ಬಂದವನು. ಮೊದಲು ನಗುತ್ತಾನೆ, ವಿಷಯ ಗೊತ್ತಾದ ಮೇಲೆ ಉಗುಳುತ್ತಾನೆ. ಮನೆಯಲ್ಲಿ ಅಮ್ಮನಿಗೆ ಮಗನ ಬಗ್ಗೆ ಹೆಮ್ಮೆ. ಜಪಾನ್ ಸೋತೇ ಇಲ್ಲ, ನಮ್ಮನ್ನು ಕರೆದೊಯ್ಯಲು ಹಡಗು ಬರುತ್ತದೆ ಅಂತ ನಂಬಿದವಳು. ಜಪಾನಿನಿಂದ ನೆಂಟರು ಹಸಿವಿನ ಪತ್ರ ಬರೆದರೆ ಅದೂ ಸುಳ್ಳು ಅನ್ನುತ್ತಾಳೆ. ಅಪ್ಪ ಸಣ್ಣ ದಿನಸಿ ಅಂಗಡಿಯ ಹಿಂದೆ ಕೂತು ಕುಡಿಯುತ್ತಾನೆ. ತಮ್ಮ ಟಾರೊಗೆ ಅಣ್ಣನನ್ನು ಕಂಡರೆ ಅಸಹ್ಯ. 18 ತುಂಬಿದ ದಿನವೇ ಓದು ಬಿಟ್ಟು ಸೇನೆ ಸೇರಲು ಹೊರಡುತ್ತಾನೆ.

ಅಮ್ಮನ ನಂಬಿಕೆ ಕುಸಿಯುವುದನ್ನು ಒಕಾಡ ಒಂದು ಸಣ್ಣ ದೃಶ್ಯದಲ್ಲಿ ಹೇಳುತ್ತಾರೆ. ಅವಳು ಅಂಗಡಿಯ ಕಪಾಟಿನಲ್ಲಿ ಹಾಲಿನ ಡಬ್ಬಿಗಳನ್ನು ಒಂದೊಂದಾಗಿ ನೀಟಾಗಿ ಜೋಡಿಸುತ್ತಾಳೆ. ಆಮೇಲೆ ಎಲ್ಲವನ್ನೂ ಕೈಯಿಂದ ಕೆಳಗೆ ತಳ್ಳುತ್ತಾಳೆ. ಮತ್ತೆ ಎತ್ತಿ ಜೋಡಿಸುತ್ತಾಳೆ. ಯಾರೂ ಏನೂ ಮಾತಾಡುವುದಿಲ್ಲ. ಸಾವಿರ ಪುಟದ ಯುದ್ಧ ವರ್ಣನೆ ಮಾಡಲಾಗದ್ದನ್ನು ಆ ಡಬ್ಬಿಗಳ ಸದ್ದು ಮಾಡುತ್ತದೆ.

ಇಚಿರೊನ ಗೆಳೆಯ ಕೆಂಜಿ ಯುದ್ಧದಲ್ಲಿ ಕಾಲು ಕಳೆದುಕೊಂಡು ಪದಕ ಗೆದ್ದವನು. ಉಳಿದ ಮೋಟುಗಾಲು ಕೊಳೆಯುತ್ತಿದೆ. ವೈದ್ಯರು ಇಷ್ಟಿಷ್ಟೇ ಕತ್ತರಿಸುತ್ತಾ ಬರುತ್ತಿದ್ದಾರೆ. ನನ್ನ ಜಾಗಕ್ಕೆ ನೀನು ಬರುತ್ತೀಯಾ ಅನ್ನುವ ಮಾತು ಇಬ್ಬರ ನಡುವೆ ಬರುತ್ತದೆ. ಬರುತ್ತೇನೆ ಅನ್ನುತ್ತಾನೆ ಇಚಿರೊ. ಸಾಯುತ್ತಿರುವ ವೀರನ ಜಾಗ ಒಬ್ಬ ಆರೋಗ್ಯವಂತ ಹುಡುಗನಿಗೆ ತನ್ನ ಜಾಗಕ್ಕಿಂತ ಮೇಲು ಅನ್ನಿಸಬೇಕಾದರೆ, ಸುತ್ತಲಿನ ಸಮಾಜ ಅವನನ್ನು ಎಷ್ಟು ನೋಯಿಸಿರಬೇಕು! ಆಸ್ಪತ್ರೆಗೆ ಹೊರಡುವ ಮುನ್ನ ಕೆಂಜಿ ತನ್ನ ಅಪ್ಪನ ಜೊತೆ ಕೂತು ಮಾತಾಡುವ ಭಾಗವನ್ನು ಎರಡು ಸಲ ಓದಿ.

ಒಕಾಡ ಸ್ವತಃ ಶಿಬಿರದಲ್ಲಿದ್ದು, ಆಮೇಲೆ ಅಮೆರಿಕದ ಸೇನೆ ಸೇರಿ ಪೆಸಿಫಿಕ್‌ನಲ್ಲಿ ಅನುವಾದಕನಾಗಿ ಕೆಲಸ ಮಾಡಿದವರು. ಅಂದರೆ ಹೌದು ಅಂದವರು. ಇಲ್ಲ ಅಂದವನ ಕಥೆಯನ್ನು ಅವರು ಇಷ್ಟು ಮರುಕದಿಂದ ಬರೆದರು. ಆಗ ಮುದ್ರಿಸಿದ 1,500 ಪ್ರತಿಗಳೂ ಬೇಗ ಖರ್ಚಾಗಲಿಲ್ಲ. ಮರೆಯಬೇಕು ಅಂದುಕೊಂಡಿದ್ದ ಗಾಯವನ್ನು ಕೆದಕಿದ್ದು ಅವರ ಸಮುದಾಯದವರಿಗೇ ಹಿಡಿಸಲಿಲ್ಲ. 1971ರಲ್ಲಿ ಅವರು ತೀರಿಕೊಂಡರು. ವಲಸೆ ಬಂದ ಮೊದಲ ತಲೆಮಾರಿನ ಬಗ್ಗೆ ಅವರು ಬರೆಯುತ್ತಿದ್ದ ಇನ್ನೊಂದು ಕಾದಂಬರಿಯ ಕರಡು ಉಳಿಯಲಿಲ್ಲ. 1976ರಲ್ಲಿ ಏಷ್ಯನ್ ಮೂಲದ ಯುವ ಲೇಖಕರು ಈ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದರು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದನ್ನೇ ಮೊದಲು ಓದಿ ಅಂತ ಹೇಳುತ್ತೇನೆ. ಪೌರತ್ವ ತೆಗೆದುಕೊಳ್ಳುವಾಗ ಕೈ ಎತ್ತಿ ಹೇಳುವ ಪ್ರಮಾಣದಲ್ಲಿ ಆ ಎರಡು ಪ್ರಶ್ನೆಗಳ ವಿಷಯವೇ ಇದೆ. ಬೇರೆ ದೇಶದ ನಿಷ್ಠೆ ಬಿಡುತ್ತೇನೆ, ಕಾನೂನು ಕೇಳಿದಾಗ ಅಮೆರಿಕದ ಪರವಾಗಿ ಶಸ್ತ್ರ ಹಿಡಿಯುತ್ತೇನೆ. ಅದನ್ನು ಹೇಳಿದವರು ನಮ್ಮ ನಿಮ್ಮ ಮನೆಗಳಲ್ಲೇ ಎಷ್ಟು ಜನ ಇದ್ದಾರೆ! ಭಾರತದಿಂದ ಹೋದವರಿಗೂ ಪೌರತ್ವ ಸುಲಭಕ್ಕೆ ಸಿಗಲಿಲ್ಲ. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರಿಗೆ ಆ ಹಕ್ಕಿಲ್ಲ ಅಂದಿತ್ತು. ಬಾಗಿಲು ತೆರೆದದ್ದು 1946ರಲ್ಲಿ. ಈಗಲೂ 18ರಿಂದ 25ರ ಗಂಡುಮಕ್ಕಳು, ಪ್ರಜೆಗಳಾಗಲಿ ಗ್ರೀನ್ ಕಾರ್ಡ್‌ನವರಾಗಲಿ, ಸೆಲೆಕ್ಟಿವ್ ಸರ್ವಿಸ್ ಪಟ್ಟಿಯಲ್ಲಿ, ಅಂದರೆ ಬೇಕಾದರೆ ಸೇನೆಗೆ ಕರೆಯಬಹುದಾದವರ ಪಟ್ಟಿಯಲ್ಲಿ, ಇರಬೇಕು. ಕಡ್ಡಾಯ ಭರ್ತಿ 1973ರಲ್ಲೇ ನಿಂತಿದೆ, ಪಟ್ಟಿ ಮಾತ್ರ ಇದೆ. ಮಗ ಶಾಲೆಯಲ್ಲಿ ಬಾವುಟದ ಎದುರು ಎದೆಯ ಮೇಲೆ ಕೈಯಿಟ್ಟು ನಿಲ್ಲುವುದನ್ನು ನೋಡುವ ಅಪ್ಪ ಅಮ್ಮನಿಗೆ ಇಚಿರೊನ ಮನೆ ದೂರದ್ದಲ್ಲ. ಕಾಲೇಜಿಗೆ ಹೋಗುವ ಮಕ್ಕಳ ಜೊತೆ ಒಟ್ಟಿಗೆ ಓದಿ. ಮಾತಾಡಲು ಬೇಕಾದಷ್ಟು ಸಿಗುತ್ತದೆ.

ಇನ್ನು ಆಯ್ಕೆ. ಬೇಸಿಗೆ ರಜೆ ಪೂರ್ತಿ ಕೈಯಲ್ಲಿದ್ದರೆ, ಎರಡನೇ ಮಹಾಯುದ್ಧದ ಚರಿತ್ರೆಯೂ ಗೊತ್ತಾಗಬೇಕು ಅಂದರೆ, ವೋಕ್. ಎರಡನ್ನೂ ತರಿಸಿಕೊಳ್ಳಿ. ಮೊದಲನೆಯದರಲ್ಲೇ ನಿಲ್ಲಿಸಿದರೆ ನಟಾಲಿಯನ್ನು ನಡುದಾರಿಯಲ್ಲಿ ಬಿಟ್ಟ ಹಾಗೆ. ಸೇನೆ ಸೇರಬೇಕು ಅಂತ ಕನಸು ಕಾಣುವ ಹುಡುಗ ಹುಡುಗಿಯರಿಗೆ ಕೊಡಲು ಮೈರರ್. ಅಮ್ಮ ಮಕ್ಕಳ ಸಂಬಂಧದ ಸೂಕ್ಷ್ಮ ಬೇಕು ಅಂದರೆ ಫಿಲಿಪ್ಸ್. ಅಂತರ್ಯುದ್ಧಕ್ಕೆ ವಾಕರ್, ಆಮೇಲೆ ಪುರುಸೊತ್ತಿದ್ದರೆ ಜೇಕ್ಸ್.

ಎರಡು ಪುಸ್ತಕ ಓದುವಷ್ಟು ಸಮಯ ಇದ್ದರೆ ಮೈರರ್ ಮೊದಲು, ಒಕಾಡ ಆಮೇಲೆ ಅನ್ನುವ ಕ್ರಮ ಚೆನ್ನ. ಒಕಾಡ ಬರೆದ ಪೀಠಿಕೆಯಲ್ಲಿ ಒಬ್ಬ ಜಪಾನಿ ಮೂಲದ ಸೈನಿಕ ಬಾಂಬರ್ ವಿಮಾನದಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ನೆಬ್ರಾಸ್ಕಾದ ಒಬ್ಬ ಎತ್ತರದ ಲೆಫ್ಟಿನೆಂಟ್. ಸ್ಯಾಮ್ ಡೇಮನ್‌ನ ನಾಡಿನವನೇ. ನಿನ್ನ ಮನೆಯವರು ಎಲ್ಲಿದ್ದಾರೆ ಅಂತ ಅವನು ಕೇಳುತ್ತಾನೆ. ಶಿಬಿರದಲ್ಲಿ, ಮುಳ್ಳುತಂತಿಯ ಒಳಗೆ ಅನ್ನುವ ಉತ್ತರ ಬರುತ್ತದೆ. ನನಗೆ ಹಾಗೆ ಮಾಡಿದ್ದರೆ ನಾನು ಇಲ್ಲಿ ಕೂತಿರುತ್ತಿರಲಿಲ್ಲ ಅನ್ನುವುದು ಆ ನೆಬ್ರಾಸ್ಕಾದವನ ಪ್ರತಿಕ್ರಿಯೆ. ಪುಸ್ತಕ ಕೊಳ್ಳುವಾಗ ಈ ಪೀಠಿಕೆ ಇದೆಯಾ ಅಂತ ನೋಡಿ ತೆಗೆದುಕೊಳ್ಳಿ.